ದೊಡ್ಡಕ್ಕನಿಗೆ ಹೇಳದೆ ಐರ್ಲೆಂಡಿಗೆ

ಗಲ್ಫಿನಲ್ಲಿ ದುಡಿಯುವವರಿಗೆ ಕೆಲಸದ ದಿನಗಳಲ್ಲಿ ಫಜೀತಿ ಆಗುವುದು ಕಡಿಮೆ. ಫಜೀತಿಗಳೆಲ್ಲ ನಮ್ಮ ರಜೆ ಯಾವಾಗ ಶುರುವಾಗುತ್ತದೆ ಎಂದು ಕಾದು ಕೂತಿರುತ್ತವೆ. ನನ್ನ ಮಟ್ಟಿಗಂತೂ ಒಂದು ರಜೆಯೂ ಸುಸೂತ್ರವಾಗಿ ಮುಗಿದದ್ದಿಲ್ಲ, ಅದಕ್ಕಾಗಿ ನನಗೆ ಬೇಸರವೂ ಇಲ್ಲ.

ತೊಂಬತ್ತರ ದಶಕದಲ್ಲಿ ನಾನು ಕತಾರಿನ ದುಖಾನಿನಲ್ಲಿದ್ದೆ. ಎಣ್ಣೆ ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿ ಪೈಪುಗಳ ನಕ್ಷೆ ಬರೆಯುವ ಕೆಲಸ. ಒಂದು ಕಡೆ ಸಮುದ್ರ, ಉಳಿದ ಕಡೆಯೆಲ್ಲ ಮರಳು, ನಡುವೆ ಕಂಪನಿಯ ಕ್ವಾರ್ಟರ್ಸು. ಶುಕ್ರವಾರ ಬಂತೆಂದರೆ ದೋಹಾಕ್ಕೆ ಹೋಗಿ ಅಲ್ ಮನ್ಸೂರಾ ಬಡಾವಣೆಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬರುವುದೇ ದೊಡ್ಡ ಸಂಭ್ರಮ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ರಜೆ. ಆ ರಜೆ ಹೆಸರಿಗೆ ಮಾತ್ರ ನನ್ನದು, ನಿಜವಾಗಿ ಅದು ದೊಡ್ಡಕ್ಕನದು.

ದೊಡ್ಡಕ್ಕ ಎಂದರೆ ನನ್ನ ಹಿರಿಯ ಅಕ್ಕ. ಅಮ್ಮ ಬೇಗ ತೀರಿಕೊಂಡ ಕಾರಣ ನನ್ನನ್ನು ಎತ್ತಿ ಆಡಿಸಿ, ಹೊಡೆದು, ಓದಿಸಿ ಮನುಷ್ಯನನ್ನಾಗಿ ಮಾಡಿದವಳು. ಉಡುಪಿ ಕಡೆಯ ನಮ್ಮ ಊರಿಗೆಲ್ಲ ಅವಳು ದೊಡ್ಡಕ್ಕನೇ. ನಾನು ವಿಮಾನದಿಂದ ಇಳಿಯುವ ಮೊದಲೇ ನನ್ನ ರಜೆಯ ಪ್ರೋಗ್ರಾಂ ಅವಳಲ್ಲಿ ತಯಾರಿರುತ್ತಿತ್ತು. ಯಾರ ಮದುವೆ, ಯಾರ ಗೃಹಪ್ರವೇಶ, ಯಾವ ಚಿಕ್ಕಮ್ಮನ ಮನೆಯಲ್ಲಿ ಊಟ, ಯಾವ ಮಾವನ ಮನೆಯಲ್ಲಿ ಬರೀ ಕಾಫಿ, ಎಲ್ಲವೂ ತೀರ್ಮಾನವಾಗಿ ಹೋಗಿರುತ್ತಿತ್ತು. ಒಂದು ಮಗುವಿನ ನಾಮಕರಣವನ್ನು ನನ್ನ ರಜೆಗೋಸ್ಕರ ಮುಂದೂಡುತ್ತಾ ಹೋಗಿ, ನಾನು ಊರು ಮುಟ್ಟುವಾಗ ಮಗು ತಾನೇ ಬಾಗಿಲಿಗೆ ಬಂದು “ಯಾರು ಬೇಕು?” ಎಂದು ಕೇಳುವಷ್ಟು ದೊಡ್ಡದಾಗಿತ್ತು.

ಬೈಗುಳ ತಿಂದ ಮ್ಯಾನೇಜರ್

ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ಐರಿಷ್ ಎಂಜಿನಿಯರ್ ಇದ್ದ. ಏಪ್ರಿಲ್ ಬಂದು ಸೆಕೆ ಏರುತ್ತಿದ್ದಂತೆ ಅವನಿಗೆ ಊರಿನ ನೆನಪು ಏರುತ್ತಿತ್ತು. “ನಮ್ಮಲ್ಲಿ ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡೇ ತಿರುಗಬೇಕು,” ಎಂದು ಅವನು ಹೇಳುವಾಗ ನನ್ನ ಹೆಂಡತಿ ಬಟ್ಟೆ ಒಣಗಿಸುವುದನ್ನು ಬಿಟ್ಟು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಒಂದು ದಿನ ಊಟಕ್ಕೆ ಬಡಿಸುತ್ತಾ ಹೇಳಿದಳು:

“ಮದುವೆಯಾದಲ್ಲಿಂದ ಪ್ರತಿ ರಜೆಯಲ್ಲೂ ಪಟ್ಟೆಸೀರೆ ಉಟ್ಟು ಬೆವರಿದ್ದೇ ಆಯ್ತು ಮಾರಾಯ್ರೆ. ಒಂದು ಸಲ, ಒಂದೇ ಸಲ, ಚಳಿಯಾಗುವ ಕಡೆ ಹೋಗುವ.”

ನನಗೂ ಆಸೆಯಿತ್ತು. ಎಂಜಿನಿಯರ್ ವೀಸಾಕ್ಕೆ ಬೇಕಾದ್ದನ್ನೆಲ್ಲ ಮಾಡಿಕೊಟ್ಟ. ಕಡಲ ತೀರದ ಒಂದು ಸಣ್ಣ ಪಟ್ಟಣದಲ್ಲಿ ತನಗೆ ಗುರುತಿನ ಹೆಂಗಸೊಬ್ಬಳು ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾಳೆಂದು ಅವಳಿಗೂ ಫೋನ್ ಮಾಡಿದ. ಉಳಿದದ್ದು ದೊಡ್ಡಕ್ಕನಿಗೆ ಹೇಳುವುದು ಮಾತ್ರ. ಧೈರ್ಯ ಮಾಡಿ ಫೋನ್ ಹಚ್ಚಿದೆ.

“ದೊಡ್ಡಕ್ಕ, ಈ ಸಲ ಮೇಯಲ್ಲಿ ಊರಿಗೆ ಬರ್ಲಿಕ್ಕೆ ಆಗುವುದಿಲ್ಲ. ಎಂತ ಅಂದ್ರೆ…”

“ರಜೆ ಕೊಡ್ಲಿಲ್ವಾ?”

“ಅದು ಹಾಗಲ್ಲ…”

“ಗೊತ್ತಿತ್ತು ನನಗೆ. ನೀನು ಅವರ ಪರ ಮಾತಾಡಬೇಡ. ಯಾರವನು ನಿನ್ನ ಮ್ಯಾನೇಜರ್? ಅವನಿಗೆ ಅಕ್ಕ ತಂಗಿ ಯಾರೂ ಇಲ್ವಾ?”

ಆಮೇಲೆ ಅವಳು ಮ್ಯಾನೇಜರನ ವಂಶವನ್ನೇ ಎತ್ತಿಕೊಂಡಳು. ನಿಜ ಹೇಳಲು ನಾನು ಬಾಯಿ ತೆರೆಯುವುದರೊಳಗೆ ಲೈನು ಹೋಯಿತು. ಮುಂದಿನ ವಾರ ಫೋನ್ ಮಾಡುವಾಗ ಸುದ್ದಿ ಊರೆಲ್ಲ ತಿರುಗಿಯಾಗಿತ್ತು. ಮ್ಯಾನೇಜರಿಗೆ ಒಳ್ಳೆಯ ಬುದ್ಧಿ ಬರಲಿ ಎಂದು ದೇವಸ್ಥಾನದಲ್ಲಿ ಅವನ ಹೆಸರಿಗೆ ಅರ್ಚನೆ ಮಾಡಿಸಿದ್ದಳು. ಅವನ ನಕ್ಷತ್ರ ಗೊತ್ತಿಲ್ಲದ ಕಾರಣ ಭಟ್ಟರು ನನ್ನ ನಕ್ಷತ್ರವನ್ನೇ ಹೇಳಿಬಿಟ್ಟರಂತೆ. ಇಷ್ಟಾದ ಮೇಲೆ “ದೊಡ್ಡಕ್ಕ, ನಾವು ತಿರುಗಾಟಕ್ಕೆ ಹೋಗುವುದು” ಎಂದು ಯಾವ ಬಾಯಲ್ಲಿ ಹೇಳಲಿ? ಅವಳು ಬೈದರೆ ನಾನು ತಡೆದುಕೊಳ್ಳುತ್ತಿದ್ದೆ. ನೊಂದುಕೊಂಡು ಸುಮ್ಮನಾದರೆ ಎಂಬುದೇ ನನ್ನ ಹೆದರಿಕೆ. ಹಾಗಾಗಿ ಈ ಪ್ರಯಾಣದ ವಾಸನೆಯೂ ಊರಿಗೆ ತಾಗಬಾರದೆಂದು ನಾವಿಬ್ಬರೂ ನಿಶ್ಚಯ ಮಾಡಿಕೊಂಡೆವು.

ಅರ್ಚನೆಯ ಫಲ ಮಾತ್ರ ಸುಳ್ಳಾಗಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು, ಕೇಳದೆಯೇ ಇನ್ನೊಂದು ವಾರ ಜಾಸ್ತಿ ರಜೆ ಕೊಟ್ಟ.

ಎರಡು ಚಹಾ, ಸಕ್ಕರೆ ಜಾಸ್ತಿ

ಐರ್ಲೆಂಡಿನಲ್ಲಿ ಒಂದು ಸಣ್ಣ ಕಾರು ಬಾಡಿಗೆಗೆ ತೆಗೆದುಕೊಂಡು ಪಶ್ಚಿಮದ ಕಡಲಿನ ದಾರಿ ಹಿಡಿದೆವು. ಎಲ್ಲಿ ನೋಡಿದರೂ ಹಸಿರು. ಹುಲ್ಲು ಹಸಿರು, ಗುಡ್ಡ ಹಸಿರು, ಗೋಡೆಯ ಮೇಲಿನ ಪಾಚಿಯೂ ಹಸಿರು. ವರ್ಷವಿಡೀ ಮರಳು ನೋಡಿದ ಕಣ್ಣಿಗೆ ಅದು ಹಬ್ಬದೂಟ. ನನ್ನ ಹೆಂಡತಿ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು, ಹಲ್ಲು ಕಟಕಟಿಸುತ್ತಾ, “ಎಷ್ಟು ಚಂದ ಚಳಿ” ಎನ್ನುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಒಂದೇ ಬೀದಿಯ ಪುಟ್ಟ ಪಟ್ಟಣವೊಂದು ಸಿಕ್ಕಿತು. ನೀಲಿ, ಹಳದಿ, ಗುಲಾಬಿ ಬಣ್ಣದ ಅಂಗಡಿಗಳು. ಚಹಾ ಬೇಕೆನಿಸಿತು. ಕತಾರಿನಲ್ಲಿ ಚಹಾಕ್ಕಾಗಿ ಕಾರಿನಿಂದ ಇಳಿಯುವ ಪದ್ಧತಿ ಇಲ್ಲ. ಅಂಗಡಿಯ ಎದುರು ನಿಲ್ಲಿಸಿ ಒಂದು ಹಾರ್ನ್ ಹೊಡೆದರೆ ಅಂಗಡಿಯವನು ಓಡಿ ಬರುತ್ತಾನೆ, ಗಾಜು ಇಳಿಸಿ ಹೇಳಿದರೆ ಕೈಗೆ ಚಹಾ ಬರುತ್ತದೆ. ನಾನೂ ಏನೂ ಯೋಚಿಸದೆ ಒಂದು ದಿನಸಿ ಅಂಗಡಿಯ ಎದುರು ನಿಂತು ಹಾರ್ನ್ ಹೊಡೆದೆ.

ಯಾರೂ ಬರಲಿಲ್ಲ. ಸ್ವಲ್ಪ ಉದ್ದಕ್ಕೆ ಹೊಡೆದೆ. ಎದುರು ಮನೆಯ ಮಹಡಿಯ ಪರದೆ ಸರಿಯಿತು. ಇನ್ನೂ ಉದ್ದಕ್ಕೆ ಹೊಡೆದೆ. ಆಗ ಅಂಗಡಿಯಿಂದ ವಯಸ್ಸಾದವರೊಬ್ಬರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಅವಸರವಾಗಿ ಬಂದರು. ನನ್ನ ಕಿಟಕಿಗೆ ಬಾಗಿ, ಬಹಳ ಮೆತ್ತಗಿನ ಧ್ವನಿಯಲ್ಲಿ ಕೇಳಿದರು:

“ಯಾರು? ಮನೆಯವರಾ?”

“ಹೌದು, ನಾನು ಮತ್ತು ನನ್ನ ಹೆಂಡತಿ. ಎರಡು ಚಹಾ, ಸಕ್ಕರೆ ಜಾಸ್ತಿ.”

ಅವರು ನನ್ನನ್ನು ನೋಡಿದರು. ನನ್ನ ಹೆಂಡತಿಯನ್ನು ನೋಡಿದರು. ಹಿಂದಿನ ಸೀಟನ್ನೂ ಬಗ್ಗಿ ನೋಡಿದರು. ಮತ್ತೆ ಒಳಗೆ ಹೋಗಿ, ತಟ್ಟೆಯಲ್ಲಿ ಪಿಂಗಾಣಿ ಕಪ್ಪು, ಹಾಲಿನ ಪಾತ್ರೆ, ಬಿಸ್ಕತ್ತು ಎಲ್ಲ ಇಟ್ಟುಕೊಂಡು ಬಂದರು. ಕುಡಿಯುತ್ತಾ ಹೆಂಡತಿ ಬೋರ್ಡು ಓದಿದಳು. ಮೇಲಿನ ಸಾಲಿನಲ್ಲಿ ದಿನಸಿ ಎಂದಿತ್ತು. ಕೆಳಗಿನ ಸಾಲಿನಲ್ಲಿ ಶವಪೆಟ್ಟಿಗೆ ಹಾಗೂ ಅಂತ್ಯಕ್ರಿಯೆಯ ವ್ಯವಸ್ಥೆ ಎಂದಿತ್ತು. ಅಲ್ಲಿನ ಸಣ್ಣ ಊರುಗಳಲ್ಲಿ ಎರಡೂ ವ್ಯಾಪಾರ ಒಬ್ಬರೇ ಮಾಡುವುದುಂಟಂತೆ.

ನಾನು ಇಳಿದು ಹೋಗಿ ಕೈಮುಗಿದು ಕ್ಷಮೆ ಕೇಳಿದೆ. ಆ ಹಿರಿಯರು ಖಾಲಿ ಕಪ್ಪು ತೆಗೆದುಕೊಳ್ಳುತ್ತಾ, “ಪರವಾಗಿಲ್ಲ. ನನಗೂ ಸಂಶಯ ಬಂದಿತ್ತು. ಆ ಕೆಲಸಕ್ಕೆ ಬರುವವರು ಯಾರೂ ಇಷ್ಟು ಅವಸರ ಮಾಡುವುದಿಲ್ಲ,” ಎಂದರು.

ಒಂದು ಬೆರಳಿನ ಲೆಕ್ಕ

ಅಲ್ಲಿಂದ ಮುಂದೆ ರಸ್ತೆ ಸಣ್ಣದಾಗುತ್ತಾ ಹೋಯಿತು. ಎರಡೂ ಬದಿಗೆ ಕಲ್ಲಿನ ಗೋಡೆ, ನಡುವೆ ನಮ್ಮ ಕಾರು. ಎದುರಿನಿಂದ ಬಂದ ಮೊದಲ ಕಾರಿನವನು ಸ್ಟಿಯರಿಂಗಿನ ಮೇಲಿದ್ದ ಕೈಯಿಂದ ತೋರುಬೆರಳನ್ನು ಮಾತ್ರ ಎತ್ತಿ ತೋರಿಸಿ ಹೋದ. ಎರಡನೆಯವನೂ ಹಾಗೆಯೇ ಮಾಡಿದ. ಹಾಲಿನ ವ್ಯಾನಿನವನೂ ಬೆರಳೆತ್ತಿದ.

ದುಖಾನ್ ರಸ್ತೆಯಲ್ಲಿ ಎದುರಿನವನು ಲೈಟು ಮಿಣುಕಿಸಿದರೆ ಮುಂದೆ ಒಂಟೆ ಉಂಟು ಅಥವಾ ಪೊಲೀಸ್ ಉಂಟು ಎಂದು ಅರ್ಥ. ಹಾಗಾಗಿ ನಾನು ವೇಗ ಇಳಿಸಿದೆ. “ಒಂದು ಬೆರಳು ಅಂದ್ರೆ ಮುಂದೆ ಒಂದು ಕುರಿ ಉಂಟು,” ಎಂದು ಹೆಂಡತಿ ಹೇಳಿದಳು. ಆಶ್ಚರ್ಯವೆಂದರೆ ಮುಂದಿನ ತಿರುವಿನಲ್ಲಿ ನಿಜವಾಗಿಯೂ ಒಂದು ಕುರಿ ನಿಂತಿತ್ತು. ಅವಳ ಶಾಸ್ತ್ರ ಖಚಿತವಾಯಿತು. ಆಮೇಲೆ ಒಬ್ಬ ಎರಡು ಬೆರಳೆತ್ತಿದ. ನಾವು ಎರಡು ಕುರಿಗಳನ್ನು ಹುಡುಕುತ್ತಾ ನಡೆಯುವ ವೇಗದಲ್ಲಿ ಹೋದೆವು.

ಕೊನೆಗೆ ಟ್ರಾಕ್ಟರಿನಲ್ಲಿ ಬಂದ ರೈತನೊಬ್ಬ ಇಡೀ ಕೈ ಎತ್ತಿ ಬೀಸಿದ.

“ಮಂದೆಯೇ ಬರ್ತಾ ಉಂಟು, ನಿಲ್ಲಿಸಿ,” ಎಂದಳು ಹೆಂಡತಿ. ನಾನು ಒಂದು ಗೇಟಿನ ಹತ್ತಿರ ಕಾರನ್ನು ಬದಿಗೆ ಹಾಕಿ, ಎಂಜಿನ್ ಆರಿಸಿ ಕೂತೆ. ರೈತ ಟ್ರಾಕ್ಟರ್ ನಿಲ್ಲಿಸಿ ಇಳಿದು ಬಂದ.

“ಕಾರು ಕೆಟ್ಟಿತೇ?”

“ಇಲ್ಲ, ಮಂದೆ ಹೋಗಲಿ ಎಂದು ಕಾಯುತ್ತಿದ್ದೇವೆ.”

“ಯಾವ ಮಂದೆ?”

ನಾನು ಬೆರಳಿನ ಲೆಕ್ಕ ವಿವರಿಸಿದೆ. ಅವನು ಗೇಟಿಗೆ ಒರಗಿ ನಕ್ಕ. ಅದು ಬರೀ ನಮಸ್ಕಾರವಂತೆ.

“ಆದರೆ ನಿಮಗೆ ನನ್ನ ಪರಿಚಯವೇ ಇಲ್ಲವಲ್ಲ?” ಎಂದೆ.

“ಇಲ್ಲದ್ದಕ್ಕೇ ಕೈ ಮಾತ್ರ ಎತ್ತಿದ್ದು. ಪರಿಚಯ ಇದ್ದಿದ್ದರೆ ನಿಲ್ಲಿಸಿ ಮಾತಾಡುತ್ತಿದ್ದೆ,” ಎಂದು ಹೇಳಿದವನು, ಈಗ ಪರಿಚಯ ಆಯಿತಲ್ಲ ಎಂದು ನಿಂತು ಮಾತಿಗೆ ತೊಡಗಿದ. ಅವನ ಟ್ರಾಕ್ಟರಿನ ಹಿಂದೆ ಕಾರುಗಳ ಸಾಲು ಬೆಳೆಯಿತು. ಯಾರೂ ಹಾರ್ನ್ ಹೊಡೆಯಲಿಲ್ಲ. ಇಬ್ಬರು ಇಳಿದು ಬಂದು ಅವರೂ ಮಾತಿಗೆ ಸೇರಿಕೊಂಡರು.

ನನಗೂ ಈ ಅಭ್ಯಾಸ ಹತ್ತಿಬಿಟ್ಟಿತು. ರಜೆ ಮುಗಿಸಿ ಬಂದ ಮೇಲೆ ದುಖಾನ್ ರಸ್ತೆಯಲ್ಲಿ ಎದುರು ಬಂದ ಟ್ಯಾಂಕರಿನವನಿಗೆ ಒಂದು ಬೆರಳು ಎತ್ತಿದೆ. ಕನ್ನಡಿಯಲ್ಲಿ ನೋಡಿದರೆ ಆ ಪುಣ್ಯಾತ್ಮ ಟ್ಯಾಂಕರನ್ನು ಬದಿಗೆ ನಿಲ್ಲಿಸಿ, ಕೆಳಗಿಳಿದು, ಸೊಂಟಕ್ಕೆ ಕೈಯಿಟ್ಟು ಒಂಟೆ ಹುಡುಕುತ್ತಿದ್ದ.

ಬಿಸಿಲು ಬಂತು, ಪರದೆ ಎಳೆಯಿರಿ

ಎಂಜಿನಿಯರ್ ಹೇಳಿದ್ದ ಕಡಲ ತೀರದ ಪಟ್ಟಣ ತಲುಪಿದೆವು. ಮನೆಯ ಒಡತಿ ದುಂಡು ಮುಖದ, ಬಾಯಿತುಂಬ ಮಾತಾಡುವ ಹೆಂಗಸು. ಬಾಗಿಲು ತೆರೆದವಳೇ ಮಳೆಯ ಬಗ್ಗೆ ಕ್ಷಮೆ ಕೇಳಿದಳು. ಮರುದಿನ ಬೆಳಿಗ್ಗೆಯೂ ಕೇಳಿದಳು. ಮಳೆಯ ನಲ್ಲಿಯನ್ನು ಅವಳೇ ನಿಲ್ಲಿಸಲು ಮರೆತ ಹಾಗೆ ಅವಳ ಮಾತು. ಅವಳಿಗೇನು ಗೊತ್ತು, ಕತಾರಿನಲ್ಲಿ ಚಳಿಗಾಲದಲ್ಲಿ ನಾಲ್ಕು ಹನಿ ಬಿದ್ದರೆ ಇಡೀ ದೋಹಾ ಕಾರು ಹತ್ತಿ ಮಳೆ ನೋಡಲು ಹೊರಡುತ್ತದೆ ಎಂದು? ನಾವು ಅಂಗಳದ ಗಿಡ್ಡ ಗೋಡೆಯ ಮೇಲೆ ಕೂತು ಆರಾಮಾಗಿ ನೆನೆದೆವು. ಅವಳು ಕೊಡೆ ತಂದುಕೊಟ್ಟಳು. ನಾವು ಮಡಿಸಿ ಪಕ್ಕಕ್ಕಿಟ್ಟು ಧನ್ಯವಾದ ಹೇಳಿದೆವು.

ಇನ್ನೊಂದು ಅಭ್ಯಾಸವನ್ನೂ ನಾನು ಬಿಟ್ಟಿರಲಿಲ್ಲ. ಕಾರು ನಿಲ್ಲಿಸುವುದಾದರೆ ಮರದ ನೆರಳಲ್ಲೇ ನಿಲ್ಲಿಸಬೇಕು, ಎದುರಿನ ಗಾಜಿಗೆ ಒಳಗಿನಿಂದ ರಟ್ಟು ಅಡ್ಡ ಇಡಬೇಕು. ಇಲ್ಲದಿದ್ದರೆ ದುಖಾನಿನಲ್ಲಿ ಸ್ಟಿಯರಿಂಗ್ ಮುಟ್ಟಿದ ಕೈ ಸುಟ್ಟುಹೋಗುತ್ತದೆ. ಮಳೆಯಲ್ಲಿ, ಮರದಡಿ, ರಟ್ಟು ಇಟ್ಟು ನಿಂತ ಕಾರನ್ನು ನೋಡಿ ನೆರೆಯವರು ಬಂದು ಒಡತಿಯಲ್ಲಿ ಗುಟ್ಟಾಗಿ ವಿಚಾರಿಸಿದರಂತೆ, “ಇವರು ಯಾರಿಂದಲಾದರೂ ತಪ್ಪಿಸಿಕೊಂಡು ಬಂದವರೇ?” ಎಂದು. ದೊಡ್ಡಕ್ಕನನ್ನು ನೆನೆದರೆ ಆ ಪ್ರಶ್ನೆ ಪೂರ್ತಿ ತಪ್ಪೇನಲ್ಲ.

ಒಂದು ದಿನ ಫಳಫಳ ಬಿಸಿಲು ಬಂತು. ಊರಿಗೆ ಊರೇ ಅಂಗಿ ಕಳಚಿ ಸಮುದ್ರದ ದಡಕ್ಕೆ ಓಡಿತು. ಒಡತಿ ನಮ್ಮ ಕೋಣೆಯ ಬಾಗಿಲು ತಟ್ಟಿ, “ಕೊನೆಗೂ ನಿಮ್ಮ ಪುಣ್ಯ, ಬೇಗ ಹೊರಗೆ ಬನ್ನಿ,” ಎಂದು ಕೂಗಿದಳು. ನಾವು ಬಿಸಿಲು ಕಂಡೊಡನೆ ಪರದೆ ಎಳೆದು, ದುಖಾನಿನ ಮಧ್ಯಾಹ್ನದ ಹಾಗೆ, ಮುಸುಕು ಹಾಕಿ ಮಲಗಿಯಾಗಿತ್ತು. ಅವಳಿಗೆ ಗಾಬರಿಯಾಯಿತು. ಕೆಳಗೆ ಹೋಗಿ ನೆರೆಯವಳಿಗೆ ಹೇಳುವುದು ನಮಗೆ ಕೇಳಿಸಿತು:

“ಪಾಪ, ಬಿಸಿಲೆಂದರೆ ಏನೆಂದೇ ಗೊತ್ತಿಲ್ಲದ ಜನ. ಈ ಕತಾರ್ ಎಂಬುದು ನಾರ್ವೆಯಿಂದ ಇನ್ನೂ ಮೇಲೆ ಇರಬೇಕು.”

ಗಾಳಕ್ಕೆ ಸಿಕ್ಕಿಸಿದ ಬಂಗುಡೆ

ಸಂಜೆ ದೋಣಿಗಳು ನಿಲ್ಲುವ ದಕ್ಕೆಯ ಕಡೆ ತಿರುಗಾಡಲು ಹೋದೆವು. ಕಲ್ಲಿನ ಕಟ್ಟೆಯ ಮೇಲೆ ಕೂತು ಒಬ್ಬ ಗಾಳ ಹಾಕುತ್ತಿದ್ದ. ಅವನ ಬಕೆಟ್ಟಿನಲ್ಲಿ ಇಣುಕಿದ ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

“ಬಂಗುಡೆ ಮಾರಾಯ್ರೆ.”

ನಮ್ಮೂರಿನ ಬಂಗುಡೆಯ ಅಣ್ಣನೋ ತಮ್ಮನೋ ಇರಬೇಕು, ಬೆನ್ನ ಮೇಲೆ ಗೆರೆ ಎಳೆದ, ಥಳಥಳ ಹೊಳೆಯುವ ಮೀನು. ಆ ವರ್ಷ ಸ್ವಲ್ಪ ಬೇಗನೇ ಬಂದಿತ್ತಂತೆ. ನೋಡನೋಡುತ್ತಿದ್ದಂತೆ ಆ ಮನುಷ್ಯ ಒಂದು ಬಂಗುಡೆ ತೆಗೆದು, ಚಾಕುವಿನಿಂದ ತುಂಡು ಮಾಡಿ, ಗಾಳಕ್ಕೆ ಸಿಕ್ಕಿಸಿ ಸಮುದ್ರಕ್ಕೆಸೆದ. ನನ್ನ ಹೆಂಡತಿ ಎದೆ ಮುಟ್ಟಿಕೊಂಡಳು. ಸ್ವಲ್ಪ ಹೊತ್ತಿಗೆ ಅವನಿಗೆ ಯಾವುದೋ ಬಿಳಿಚಿಕೊಂಡ ದೊಡ್ಡ ಮೀನು ಸಿಕ್ಕಿತು. ಹೆಮ್ಮೆಯಿಂದ ಎತ್ತಿ, “ಬೇಕಾ? ತೆಗೆದುಕೊಳ್ಳಿ, ಉಡುಗೊರೆ,” ಎಂದ.

“ಅದು ಬೇಡ. ಗಾಳಕ್ಕೆ ಸಿಕ್ಕಿಸುವ ಆ ಬಂಗುಡೆಯ ಬಕೆಟ್ಟು ಕೊಡ್ತೀರಾ ಕೇಳಿ,” ಎಂದಳು ಹೆಂಡತಿ ನನಗೆ.

ಕೇಳಿದೆ. ಅವನು ಕೊಟ್ಟ. ಆದರೆ ನಾವು ತಿನ್ನಲೆಂದು ಒಯ್ಯುವುದು ಎಂದು ಗೊತ್ತಾದಾಗ ಅವನ ಮುಖ ಸಣ್ಣದಾಯಿತು. ಹಿಂದೆಯೇ ಬಂದು, ಮೆಲ್ಲಗೆ, “ನಿಮಗೆ ಊಟಕ್ಕೆ ತೊಂದರೆಯಿದ್ದರೆ ಸಂಕೋಚ ಬೇಡ, ನಮ್ಮ ಮನೆಗೆ ಬನ್ನಿ,” ಎಂದ.

ಯಾರ ಮನೆಯವರು ಅಂತ ಆಯ್ತು?

ಮರುದಿನ ಭಾನುವಾರ. ಒಡತಿಯ ಅಡುಗೆಮನೆಯನ್ನು ಕೇಳಿ ಪಡೆದು, ದುಖಾನಿನಿಂದ ಹೊತ್ತು ತಂದಿದ್ದ ಮೆಣಸು, ಹುಣಸೆಹುಳಿ ಹಾಕಿ ಹೆಂಡತಿ ಬಂಗುಡೆ ಪುಳಿಮುಂಚಿ ಮಾಡಿದಳು. ಒಡತಿ ಕೆಮ್ಮುತ್ತಾ ಕಿಟಕಿಗಳನ್ನೆಲ್ಲ ತೆರೆದಳು. ಆಮೇಲೆ, “ಈ ಪರಿಮಳ ನಮ್ಮ ಕಾನ್ವೆಂಟಿನಲ್ಲಿರುವ ಇಂಡಿಯಾದ ಸಿಸ್ಟರಿಗೆ ಗೊತ್ತಿರಬಹುದು,” ಎಂದು ಒಂದು ಬಟ್ಟಲು ತುಂಬಿಸಿಕೊಂಡು ಹೊರಟೇಬಿಟ್ಟಳು.

ನಾವು ಊಟಕ್ಕೆ ಕೂತು ತುತ್ತು ಎತ್ತುವುದರೊಳಗೆ ಬಿಳಿ ಕೂದಲಿನ ಸಿಸ್ಟರ್ ಒಬ್ಬರು ಖಾಲಿ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

“ಯಾರು ಮಾರಾಯ್ರೆ ಇಲ್ಲಿ ಪುಳಿಮುಂಚಿ ಮಾಡಿದ್ದು?”

ಭೂಮಿಯ ಆ ತುದಿಯಲ್ಲಿ ಅಚ್ಚ ನಮ್ಮೂರ ಕನ್ನಡ. ಸಂತೋಷದಿಂದ ನಾನು ಪಕ್ಕದ ಕುರ್ಚಿ ಎಳೆದುಕೊಟ್ಟೆ. ಮುಂದಿನ ಮಾತು ಕೇಳಿ ಅದೇ ಸಂತೋಷ ಇಳಿದುಹೋಯಿತು.

“ನೀವು ಯಾರ ಮನೆಯವರು ಅಂತ ಆಯ್ತು?”

ನಮ್ಮ ಕರಾವಳಿಯವರ ಈ ಪ್ರಶ್ನೆಯಿಂದ ಪಾರಾದವರಿಲ್ಲ. ಹೆಂಡತಿ ಮೇಜಿನಡಿಯಲ್ಲಿ ನನ್ನ ಕಾಲು ತುಳಿದಳು. ನಾನು ಜಿಲ್ಲೆ ಹೇಳಿದರೆ ಸಿಸ್ಟರ್ ತಾಲೂಕು ಕೇಳಿದರು. ತಾಲೂಕು ಹೇಳಿದರೆ ಊರು ಕೇಳಿದರು. ಊರು ಹೇಳಿದಾಗ ನನ್ನ ಮೂಗನ್ನೇ ನೋಡುತ್ತಾ, “ನೀನು ದೊಡ್ಡಕ್ಕನ ತಮ್ಮ ಅಲ್ವಾ?” ಎಂದರು. ದೊಡ್ಡಕ್ಕನೂ ಅವರೂ ಶಾಲೆಯಲ್ಲಿ ಒಂದೇ ಬೆಂಚು. ಅವರ ತಂಗಿಯ ಮನೆ ದೊಡ್ಡಕ್ಕನ ಮನೆಯ ಪಕ್ಕದಲ್ಲೇ.

“ಪ್ರತಿ ಭಾನುವಾರ ಈ ಹೊತ್ತಿಗೆ ತಂಗಿಗೆ ಫೋನ್ ಮಾಡುವುದು ನಾನು. ದೊಡ್ಡಕ್ಕನನ್ನು ಕರೆಸುವ, ನಡೀರಿ.”

ನಾನು ಕೈಮುಗಿದು ಎಲ್ಲ ಹೇಳಿಕೊಂಡೆ. ರಜೆ, ಮ್ಯಾನೇಜರ್, ಅರ್ಚನೆ, ಒಂದನ್ನೂ ಬಿಡಲಿಲ್ಲ. ಸಿಸ್ಟರ್ ಗಂಭೀರವಾಗಿ ಕೇಳಿಸಿಕೊಂಡರು.

“ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಆದರೆ ಕೇಳದ್ದನ್ನು ಹೇಳಬೇಕು ಅಂತ ಎಲ್ಲಿಯೂ ಇಲ್ಲ. ‘ನನ್ನ ತಮ್ಮ ಅಲ್ಲಿದ್ದಾನಾ’ ಅಂತ ಅವಳು ಕೇಳದಿದ್ದರೆ ಆಯ್ತಲ್ಲ?”

ಕಾನ್ವೆಂಟಿನ ಮೊಗಸಾಲೆಯಲ್ಲಿ ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಸಿಸ್ಟರ್ ಫೋನ್ ಹಚ್ಚಿ ತಂಗಿಯೊಡನೆ ಕೊಂಕಣಿಯಲ್ಲಿ ಮಾತಾಡತೊಡಗಿದರು. ದೊಡ್ಡಕ್ಕನ ಹೆಸರು ಬಂತು. ತಂಗಿ ಹೇಳುವುದನ್ನು ಸಿಸ್ಟರ್ ಕೇಳಿಸಿಕೊಂಡರು. ನಮ್ಮ ಕಡೆ ತಿರುಗಿ ನೋಡಿದರು. ಆಮೇಲೆ ಸೆರಗಿನಂತಿದ್ದ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಲುಕುಲು ನಗತೊಡಗಿದರು. ಫೋನ್ ಇಟ್ಟು ಬಂದು ನಮ್ಮ ಪಕ್ಕದಲ್ಲಿ ಕೂತರು.

“ಈಗ ನನಗೆ ಕಷ್ಟ ಬಂತು. ನಿಮ್ಮದು ಒಂದು ಗುಟ್ಟು ಇತ್ತು, ಈಗ ಇನ್ನೊಂದು ಸೇರಿತು. ನೀವು ಕೇಳದಿದ್ದರೆ ನಾನು ಹೇಳುವುದಿಲ್ಲ.”

“ಎಂತ ಸಿಸ್ಟರ್?” ಎಂದು ಹೆಂಡತಿ ಕೇಳಿಯೇಬಿಟ್ಟಳು.

“ಕೇಳಿದಿರಿ, ಇನ್ನು ಹೇಳದೆ ಉಪಾಯವಿಲ್ಲ. ದೊಡ್ಡಕ್ಕ ಊರಲ್ಲೇ ಇಲ್ಲ. ಭಜನಾ ಮಂಡಳಿಯ ಹೆಂಗಸರ ಜೊತೆ ಬಸ್ಸಿನಲ್ಲಿ ಹರಿದ್ವಾರ, ದೆಹಲಿ, ಆಗ್ರಾ ಅಂತ ಟೂರ್ ಹೋಗಿದ್ದಾಳೆ. ವರ್ಷ ವರ್ಷ ಮೇಯಲ್ಲಿ ಆ ಬಸ್ಸು ಹೊರಡುವುದಂತೆ. ವರ್ಷ ವರ್ಷವೂ ತಮ್ಮ ಬರ್ತಾನೆ ಅಂತ ಇವಳು ಹೋಗದೆ ಉಳಿಯುವುದಂತೆ. ಈ ಸಲ ನಿನಗೆ ರಜೆಯಿಲ್ಲ ಅಂತ ಗೊತ್ತಾದ ಮರುದಿನವೇ ಸೀಟು ಹಿಡಿದಳಂತೆ. ಊರಿನವರ ಹತ್ತಿರ ಆಣೆ ಹಾಕಿಸಿಕೊಂಡು ಹೋಗಿದ್ದಾಳೆ, ತಮ್ಮನಿಗೆ ಮಾತ್ರ ಗೊತ್ತಾಗಬಾರದು ಅಂತ. ಪಾಪ, ಅವನು ರಜೆಯಿಲ್ಲದೆ ಆ ಬೆಂಕಿಯಲ್ಲಿ ಬೇಯುವಾಗ ನಾನು ತಾಜಮಹಲ್ ನೋಡ್ತಾ ಇದ್ದೇನೆ ಅಂದ್ರೆ ಅವನಿಗೆ ಊಟ ಸೇರ್ಲಿಕ್ಕಿಲ್ಲ ಅಂತ.”

ನಾನು ನಕ್ಕೆ. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ಅಕ್ಕ ನನ್ನ ರಜೆಯನ್ನು ಹಿಡಿದಿಟ್ಟುಕೊಂಡಿದ್ದಾಳೆ ಎಂದು ನಾನು ಗೊಣಗಿದ್ದೆ. ನನಗೋಸ್ಕರ ಅವಳು ಬಿಟ್ಟ ಬಸ್ಸುಗಳ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅವಳು ಆ ಹೊತ್ತಿಗೆ ಯಾವುದೋ ಕಿಟಕಿ ಸೀಟಿನಲ್ಲಿ ಕೂತು ಭಜನೆ ಹೇಳುತ್ತಿರಬಹುದೆಂದು ನೆನೆದು ನನಗೆ ಬಹಳ ಸಂತೋಷವಾಯಿತು.

ದುಖಾನಿಗೆ ಮರಳಿದ ಮೇಲೆ ಫೋನ್ ಮಾಡಿದೆ. ದೊಡ್ಡಕ್ಕನ ಸ್ವರ ಭಜನೆ ಹಾಡಿ ಹಾಡಿ ಕೂತುಹೋಗಿತ್ತು.

“ಎಂತ ದೊಡ್ಡಕ್ಕ, ಸ್ವರ ಹೀಗೆ? ಎಲ್ಲಿಗಾದರೂ ಹೋಗಿದ್ದೆಯಾ?”

“ಎಲ್ಲಿಗೆ ಹೋಗುವುದು ಮಾರಾಯ, ಮನೆಯಲ್ಲೇ. ಸ್ವಲ್ಪ ಶೀತ. ನೀನು?”

“ನಾನೂ ಇಲ್ಲೇ. ನನಗೂ ಸ್ವಲ್ಪ ಶೀತ.”

“ಆ ಸೆಕೆಯಲ್ಲಿ ನಿನಗೆಂಥ ಶೀತ?”

“ಎ.ಸಿ.ಯದ್ದು.”

“ಪಾಪ,” ಎಂದಳು ದೊಡ್ಡಕ್ಕ. “ಪಾಪ,” ಎಂದೆ ನಾನೂ.

“ಬರುವ ವರ್ಷವಾದರೂ ರಜೆ ಕೊಡ್ತಾರಾ ಅವರು?” ಎಂದು ಕೇಳಿದಳು.

“ಕೇಳಿ ನೋಡ್ತೇನೆ ದೊಡ್ಡಕ್ಕ.”

“ಕೇಳು, ಕೇಳು. ಆದರೆ ಮೇಯಲ್ಲಿ ಕೊಡುವುದಿಲ್ಲ ಅಂದ್ರೆ ನೀನು ಹೆಚ್ಚು ಒತ್ತಾಯ ಮಾಡ್ಲಿಕ್ಕೆ ಹೋಗಬೇಡ,” ಎಂದಳು.